‘ವೇರ್’ ಕ್ರಿಯಾವಿಶೇಷಣವಾದರೆ ಮಗಳ ವಾಕ್ಯ ತಪ್ಪಾಗಿದ್ದು ಯಾಕೆ?

ನಿಮ್ಮ ಮಗಳು ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ‘ಐ ಡೋಂಟ್ ನೋ ವೇರ್ ಡಸ್ ದ ಬಸ್ ಸ್ಟಾಪ್’ ಅಂತ ಬರೆದಿದ್ದಕ್ಕೆ ಅಂಕ ಹೋಗಲು ಕಾರಣ ‘ವೇರ್’ ಅಲ್ಲ, ‘ಡಸ್’. ‘ವೇರ್’ ಕ್ರಿಯಾವಿಶೇಷಣವೇ, ಅಂದರೆ ಕೆಲಸ ಎಲ್ಲಿ, ಯಾವಾಗ, ಹೇಗೆ ಆಗುತ್ತೆ ಅನ್ನೋದಕ್ಕೆ ಸೇರಿದ ಪದ (ಅಡ್ವರ್ಬ್). ಕನ್ನಡದಲ್ಲಿ ‘ಗಂಗಾವತಿ ಬಸ್ ಎಲ್ಲಿ ನಿಲ್ಲುತ್ತೆ?’ ಅಂತ ಕೇಳಿದರೂ, ‘ಬಸ್ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿಲ್ಲ’ ಅಂದರೂ ಪದಗಳ ಸಾಲು ಕದಲೋದಿಲ್ಲ. ಇಂಗ್ಲಿಷಿನಲ್ಲಿ ಕದಲುತ್ತೆ. ಕೊಪ್ಪಳದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಹೆಚ್ಚಾಗಿ ಎಡವೋದು ಇಲ್ಲೇ.

ಮೊದಲು ಪದ ಯಾವ ವರ್ಗದ್ದು ಅಂತ ನೋಡಲಿ. ಎಲ್ಲಿ–ಅಲ್ಲಿ, ಯಾವಾಗ–ಆಗ, ಹೇಗೆ–ಹಾಗೆ, ಯಾಕೆ–ಅದಕ್ಕೆ: ಉತ್ತರ ಹೀಗೆ ಬಂದರೆ ವೇರ್, ವೆನ್, ಹೌ, ವೈ, ಅಂದರೆ ಕ್ರಿಯಾವಿಶೇಷಣ. ‘ಅವನು’, ‘ಅದು’ ಅಂತ ಬಂದರೆ ಹೂ, ವಾಟ್, ಅವು ಸರ್ವನಾಮ. ‘ಹೌ ಓಲ್ಡ್’ನಲ್ಲಿ ‘ಹೌ’ ಗುಣವಾಚಕಕ್ಕೆ ಅಂಟಿಕೊಂಡಿದೆ, ಆದರೂ ಕ್ರಿಯಾವಿಶೇಷಣವೇ.

ಆಮೇಲೆ ಪ್ರಶ್ನೆ ನೇರವೋ, ಇನ್ನೊಂದು ವಾಕ್ಯದ ಹೊಟ್ಟೆಯೊಳಗಿದೆಯೋ ನೋಡಲಿ. ಒಳಗಿದ್ದರೆ ಡೂ, ಡಸ್, ಡಿಡ್ ಹೊಡೆದುಹಾಕಿ, ಕರ್ತೃವನ್ನು ಕ್ರಿಯಾಪದಕ್ಕಿಂತ ಮೊದಲು ಇಡಬೇಕು. ‘ಡಸ್’ ಹೊತ್ತಿದ್ದ ‘ಸ್’ ಮರಳಿ ಕ್ರಿಯಾಪದಕ್ಕೆ ಬರುತ್ತೆ: ‘ವೇರ್ ದ ಬಸ್ ಸ್ಟಾಪ್ಸ್’. ‘ಡಿಡ್’ ಇದ್ದರೆ ಭೂತಕಾಲ: ‘ವೆನ್ ಹಿ ಕೇಮ್’. ‘ವೇರ್ ಈಸ್ ದ ಬಸ್’ ಇದ್ದದ್ದು ‘ವೇರ್ ದ ಬಸ್ ಈಸ್’ ಆಗುತ್ತೆ. ಈ ‘ಈಸ್’ ಕೊನೆಗೆ ಹೋಗೋದು ಮಕ್ಕಳ ಕಿವಿಗೆ ಒಗ್ಗೋದು ನಿಧಾನ, ಬಾಯಿಬಿಟ್ಟು ಹೇಳಿಸಿ.

ಇಡೀ ಉತ್ತರಪತ್ರಿಕೆ ನಾನು ನೋಡಿಲ್ಲ, ಬೇರೆ ತಪ್ಪೂ ಇರಬಹುದು. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೆ ಅದನ್ನೂ ತೆಗೆಸಿ. ಆ ವಾಕ್ಯಕ್ಕೆ ಪೂರ್ಣವಿರಾಮವೇ ಸರಿ.