ಸಂಕಲನದ ಮೇಜಿನಿಂದ: ಮುಂದಿನ ಆವೃತ್ತಿಯಲ್ಲಾದರೂ ನಮ್ಮ ಒತ್ತಕ್ಷರ ಉಳಿದೀತೇ?

ವಿಡಿಯೊ ಸಂಕಲನ ತಂತ್ರಾಂಶಗಳ ಮುಂದಿನ ಆವೃತ್ತಿಯಲ್ಲಿ ಯಾವ ಸೌಲಭ್ಯಗಳು ಬರಬೇಕೆಂದು ಬಯಸುತ್ತೀರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೊಸ ಎಫೆಕ್ಟುಗಳನ್ನು ಕೇಳಿದವರು ಕಡಿಮೆ. ಈಗಾಗಲೇ ಇರುವ ಸೌಲಭ್ಯಗಳು ಕನ್ನಡದ ಕೆಲಸಕ್ಕೂ ಒದಗಿಬರಲಿ ಎಂದವರೇ ಹೆಚ್ಚು. ನನ್ನ ಆಸೆಯೂ ಅದೇ ಆಗಿರುವುದರಿಂದ ಆ ಪತ್ರಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಮದುವೆ, ಗೃಹಪ್ರವೇಶಗಳ ವಿಡಿಯೊ ಸಂಕಲನ ಮಾಡುತ್ತೇನೆ. ಸಿದ್ಧ ಟೆಂಪ್ಲೇಟುಗಳಲ್ಲಿ ಕನ್ನಡದ ಹೆಸರು ಹಾಕಿದರೆ ಒತ್ತಕ್ಷರಗಳು ಒಡೆಯುತ್ತವೆ, ಇಲ್ಲವೇ ಅವುಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಮುಂದಿನ ಆವೃತ್ತಿಯಲ್ಲಿ ಇದು ಸರಿಯಾದೀತೇ?
— ಓದುಗರು, ದಾವಣಗೆರೆ

ಉತ್ತರ: ನೀವು ಒಂದೇ ತೊಂದರೆ ಎಂದು ಬರೆದಿರುವುದರೊಳಗೆ ಮೂರು ಬೇರೆ ಬೇರೆ ತೊಂದರೆಗಳಿವೆ, ಅವುಗಳಲ್ಲಿ ಮೊದಲನೆಯದಕ್ಕೆ ಇಂದೇ ಪರಿಹಾರವಿದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಮಾನದಂಡದಲ್ಲಿ ‘ರಾಷ್ಟ್ರ’ ಎಂಬ ಪದ ಏಳು ಸಂಕೇತಗಳ ಸಾಲಾಗಿ ಕಡತದಲ್ಲಿ ಕೂತಿರುತ್ತದೆ. ಷಕಾರಕ್ಕೆ ಟಕಾರವನ್ನೂ ರಕಾರವನ್ನೂ ಒತ್ತಾಗಿ ಜೋಡಿಸಿ ತೋರಿಸುವುದು ಫಾಂಟ್ ಮತ್ತು ತಂತ್ರಾಂಶದ ಪಠ್ಯ ಎಂಜಿನ್ ಎರಡೂ ಸೇರಿ ಮಾಡುವ ಕೆಲಸ. ಎಂಜಿನ್ ಲ್ಯಾಟಿನ್ ಲಿಪಿಗೆ ಮಾತ್ರ ಹೊಂದಿಕೊಂಡಿದ್ದರೆ ಷ್, ಟ್, ರ ಎಂದು ಮೂರೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅಡೋಬಿ ಪ್ರೀಮಿಯರ್ ಬಳಸುವವರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಪಠ್ಯ ಎಂಜಿನ್ ಅನ್ನು ‘ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್’ ಎಂಬುದಕ್ಕೆ ಬದಲಿಸಿ, ಶೀರ್ಷಿಕೆಯನ್ನು ಹೊಸದಾಗಿ ಟೈಪ್ ಮಾಡಿ ನೋಡಬೇಕು. ಈ ಆಯ್ಕೆ ಇರುವುದೇ ಎಷ್ಟೋ ಜನರಿಗೆ ತಿಳಿದಿಲ್ಲ. ಟೈಪ್ ಮಾಡಿದ ಮೊದಲ ಅಕ್ಷರದಿಂದಲೇ ಲಿಪಿಯನ್ನು ಗುರುತಿಸಿ ಎಂಜಿನ್ ತಾನಾಗಿಯೇ ಬದಲಾಗಬೇಕು ಎಂಬುದು ನನ್ನ ಮೊದಲ ಬೇಡಿಕೆ.

ಎರಡನೆಯ ತೊಂದರೆ, ಹೆಸರನ್ನು ಒಂದೊಂದೇ ಅಕ್ಷರವಾಗಿ ಮೂಡಿಸುವ ಟೆಂಪ್ಲೇಟುಗಳಲ್ಲಿ ಕಾಣುವಂಥದ್ದು, ಇದಕ್ಕಿಂತ ಆಳದ್ದು. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬಕ್ಕಾಗಿ ಅವರ ತಾಯಿಯ ನೆನಪಿನ ಕಿರುಚಿತ್ರವನ್ನು ಸಂಕಲಿಸಿದ್ದೆ. ಆರಂಭದಲ್ಲಿ ಆ ತಾಯಿಯ ಹೆಸರು, ಲಕ್ಷ್ಮಮ್ಮ, ಒಂದೊಂದೇ ಅಕ್ಷರವಾಗಿ ಪರದೆಯ ಮೇಲೆ ಮೂಡಬೇಕಿತ್ತು. ಮೂಡಿದ್ದು ಹೀಗೆ: ಮೊದಲು ಲ, ಆಮೇಲೆ ಲಕ, ಲಕ್, ಲಕ್ಷ, ಲಕ್ಷ್, ಲಕ್ಷ್ಮ, ಲಕ್ಷ್ಮಮ, ಲಕ್ಷ್ಮಮ್, ಕಟ್ಟಕಡೆಗೆ ಲಕ್ಷ್ಮಮ್ಮ. ಮೊದಲ ಪ್ರದರ್ಶನದಲ್ಲಿಯೇ ಮಗ ಎದ್ದು ನಿಂತು, ಅಮ್ಮನ ಹೆಸರನ್ನು ಯಾಕೆ ತಪ್ಪು ತಪ್ಪಾಗಿ ಬರೆದು ತಿದ್ದಿದ ಹಾಗೆ ಕಾಣುತ್ತಿದೆ ಎಂದು ಕೇಳಿದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಮ್ಮ ಕಣ್ಣಿಗೆ ಆ ಹೆಸರಿನಲ್ಲಿ ಮೂರೇ ಅಕ್ಷರ. ತಂತ್ರಾಂಶ ಎಣಿಸಿದ್ದು ಒಂಬತ್ತು ಸಂಕೇತ. ಆ ರಾತ್ರಿ ಮೂರು ಅಕ್ಷರಗಳನ್ನು ಮೂರು ಪದರಗಳಾಗಿ ಕೈಯಲ್ಲಿಯೇ ಜೋಡಿಸಿ ಕೆಲಸ ಮುಗಿಸಿದೆ.

ಪಠ್ಯವನ್ನು ಬಳಕೆದಾರರ ಕಣ್ಣಿಗೆ ಕಾಣುವ ಘಟಕಗಳಾಗಿ ಹೇಗೆ ಬಿಡಿಸಬೇಕು ಎಂಬುದಕ್ಕೆ ಯೂನಿಕೋಡ್ ಮಾನದಂಡದಲ್ಲಿಯೇ ನಿಯಮಗಳಿವೆ. 2023ರಲ್ಲಿ ಬಂದ ಅದರ 15.1ನೇ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಇರಿಸಿಕೊಳ್ಳುವ ಹೊಸ ನಿಯಮ ಸೇರಿತು. ಆದರೆ ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ. ಒತ್ತು ಕೊಡುವ ಕ್ರಮದಲ್ಲಿ ನಮಗೆ ತೀರ ಹತ್ತಿರದ ತೆಲುಗು ಆ ಪಟ್ಟಿಯಲ್ಲಿದೆ, ಕನ್ನಡ ಇರಲಿಲ್ಲ. ಹೀಗಾಗಿ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ತಂತ್ರಾಂಶವೂ ಲಕ್ಷ್ಮಮ್ಮನವರ ಹೆಸರನ್ನು ಲ, ಕ್, ಷ್, ಮ, ಮ್, ಮ ಎಂದು ಆರು ತುಂಡು ಮಾಡುತ್ತದೆ. ಆದ್ದರಿಂದ ಸಂಕಲನ ತಂತ್ರಾಂಶದ ತಯಾರಕರು ಕನ್ನಡಕ್ಕೆ ಅಕ್ಷರ ವಿಭಜನೆಯ ನಿಯಮವನ್ನು ತಾವೇ ಸೇರಿಸಿಕೊಳ್ಳಬೇಕಾಗುತ್ತದೆ. ಕನ್ನಡ ಓದು ಕಲಿಯುವ ಮಗು ಮೊದಲ ವರ್ಷದಲ್ಲಿಯೇ ಗುರುತಿಸುವ ಘಟಕ ಅದು. ಅದನ್ನು ಪ್ರೋಗ್ರಾಮಾಗಿ ಬರೆಯುವುದು ದೊಡ್ಡ ಕೆಲಸವೇನಲ್ಲ, ಯಾರಾದರೂ ಕೇಳಬೇಕಷ್ಟೆ.

ಮೂರನೆಯದು ಕೆಳಭಾಗ ಕತ್ತರಿಸಿಹೋಗುವುದು. ಟೆಂಪ್ಲೇಟಿನ ಹಿನ್ನೆಲೆಯ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಅಳೆದು ಮಾಡಿರುತ್ತಾರೆ, ನಮ್ಮ ಒತ್ತುಗಳು ಆ ಗೆರೆಯಿಂದ ಕೆಳಗಿಳಿಯುತ್ತವೆ. ಸದ್ಯಕ್ಕೆ ಅಕ್ಷರದ ಗಾತ್ರವನ್ನು ತುಸು ಇಳಿಸಿ, ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಳ್ಳಿ.

ಪ್ರಶ್ನೆ: ಇಡೀ ರಾತ್ರಿಯ ಯಕ್ಷಗಾನ ಪ್ರದರ್ಶನಗಳನ್ನು ದಾಖಲಿಸುತ್ತಿದ್ದೇವೆ. ಮಾತನ್ನು ಪಠ್ಯವಾಗಿಸಿ, ಆ ಪಠ್ಯವನ್ನು ಕತ್ತರಿಸಿದರೆ ವಿಡಿಯೊ ಕೂಡ ಕತ್ತರಿಸಿಹೋಗುವ ಸೌಲಭ್ಯದ ಬಗ್ಗೆ ಕೇಳಿದ್ದೇವೆ. ಕನ್ನಡಕ್ಕೆ ಇದು ಯಾವಾಗ ಬರಬಹುದು?
— ಓದುಗರು, ಶಿರಸಿ

ಉತ್ತರ: ಪಠ್ಯದ ಮೂಲಕ ಸಂಕಲಿಸುವ ಸೌಲಭ್ಯ 2023ರಲ್ಲಿ ಪ್ರೀಮಿಯರ್‌ಗೂ ಡಾವಿಂಚಿ ರಿಸಾಲ್ವ್‌ನ ಸ್ಟುಡಿಯೊ ಆವೃತ್ತಿಗೂ ಬಂತು. ಅದಕ್ಕೆ ತಳಹದಿಯಾದ ಮಾತು ಗುರುತಿಸುವ ವ್ಯವಸ್ಥೆಯನ್ನು ಅಡೋಬಿ 2021ರಲ್ಲಿ ಬಿಡುಗಡೆ ಮಾಡಿದಾಗ ಪಟ್ಟಿಯಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ತಂತ್ರಜ್ಞಾನವೇ ಇಲ್ಲ ಎಂಬ ಕಾರಣವನ್ನು ಈಗ ಒಪ್ಪುವಂತಿಲ್ಲ. ಓಪನ್‌ಎಐ 2022ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ವಿಸ್ಪರ್ ಮಾದರಿಯ ಭಾಷೆಗಳಲ್ಲಿ ಕನ್ನಡವಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗಾಗಿಯೇ ಇಂಥ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಮಾತನ್ನು ಉಪಭಾಷೆಗಳ ಸಮೇತ ಸಂಗ್ರಹಿಸಿದೆ. ಉಚಿತ ತಂತ್ರಾಂಶವಾದ ಕೆಡೆನ್‌ಲೈವ್ 2023ರಲ್ಲಿಯೇ ವಿಸ್ಪರ್ ಅನ್ನು ಒಳಗೆ ಸೇರಿಸಿಕೊಂಡಿತು, ಆದ್ದರಿಂದ ನೀವು ಇಂದೇ ಪ್ರಯೋಗ ಮಾಡಿ ನೋಡಬಹುದು. ಬರುವ ಪಠ್ಯಕ್ಕೆ ಸಾಕಷ್ಟು ತಿದ್ದುಪಡಿ ಬೇಕಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿ.

ಯಕ್ಷಗಾನದ ಮಟ್ಟಿಗೆ ಇನ್ನೊಂದು ಮಾತು ಹೇಳಬೇಕು. ಚಂಡೆ ಬೀಳುತ್ತಿರುವಾಗ ಬಂದ ಮಾತನ್ನು ಯಂತ್ರ ಹಿಡಿಯುವುದು ಕಷ್ಟ. ಭಾಗವತರ ಮೈಕು ಮತ್ತು ಅರ್ಥ ಹೇಳುವ ಕಲಾವಿದರ ಮೈಕುಗಳನ್ನು ಒಂದೇ ಧ್ವನಿಪಥಕ್ಕೆ ಸೇರಿಸದೆ ಬೇರೆ ಬೇರೆಯಾಗಿ ದಾಖಲಿಸಿಕೊಂಡರೆ, ಅರ್ಥದ ಪಥವನ್ನಷ್ಟೇ ಯಂತ್ರಕ್ಕೆ ಕೇಳಿಸಬಹುದು. ಪದ್ಯಗಳ ವಿಷಯವೇ ಬೇರೆ. ಅವು ಪ್ರಸಂಗದ ಪುಸ್ತಕದಲ್ಲಿ ಮೊದಲೇ ಇವೆ, ಅವುಗಳನ್ನು ಯಂತ್ರ ಊಹಿಸಬೇಕಾಗಿಲ್ಲ. ನಾವು ಕೊಟ್ಟ ಪದ್ಯ ಧ್ವನಿಯಲ್ಲಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೊಂದಿಸಿಕೊಟ್ಟರೆ ಸಾಕು. ಕೇಳಿ ಬರೆಯುವುದಕ್ಕಿಂತ ಹೀಗೆ ಹೊಂದಿಸುವುದು ಯಂತ್ರಕ್ಕೆ ಸುಲಭವಾದ ಕೆಲಸ. ಕೈಯಲ್ಲಿರುವ ಪಠ್ಯವನ್ನು ಧ್ವನಿಯ ಮೇಲೆ ಕೂರಿಸುವ ಈ ಸೌಲಭ್ಯ ಕನ್ನಡಕ್ಕೆ ಬಂದರೆ ಯಕ್ಷಗಾನಕ್ಕೆ ಮಾತ್ರವಲ್ಲ, ಗಮಕ, ನಾಟಕ, ವಚನ ಗಾಯನ ಎಲ್ಲದರ ದಾಖಲಾತಿಗೂ ಉಪಯೋಗವಾಗುತ್ತದೆ. ಪಾತ್ರಗಳ ಮತ್ತು ಊರುಗಳ ಹೆಸರುಗಳನ್ನು ಮೊದಲೇ ಬರೆದುಕೊಡುವ ಪದಪಟ್ಟಿಯೂ ಜೊತೆಗಿರಬೇಕು. ‘ಅತಿಕಾಯ’ನನ್ನು ಒಮ್ಮೆ ತಿದ್ದಿದ ಮೇಲೆ ಬೆಳಗಿನ ಜಾವದವರೆಗೂ ಮತ್ತೆ ಮತ್ತೆ ತಿದ್ದುವಂತೆ ಆಗಬಾರದು.

ಪ್ರಶ್ನೆ: ಹೊಸ ಆವೃತ್ತಿಗೆ ಹೋದ ಮೇಲೆ ಹಳೆಯ ಪ್ರಾಜೆಕ್ಟುಗಳು ತೆರೆಯುತ್ತಿಲ್ಲ. ಈ ಭಯಕ್ಕೆ ಕೊನೆಯಿಲ್ಲವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಈ ಭಯ ಹೊಸದಲ್ಲ, ಆಧಾರವಿಲ್ಲದ್ದೂ ಅಲ್ಲ. 2011ರ ಜೂನ್‌ನಲ್ಲಿ ಆಪಲ್ ಕಂಪನಿಯ ಫೈನಲ್ ಕಟ್ ಪ್ರೊ ಹೊಸ ರೂಪದಲ್ಲಿ ಬಂದಾಗ ಹಿಂದಿನ 7ನೇ ಆವೃತ್ತಿಯ ಪ್ರಾಜೆಕ್ಟುಗಳನ್ನು ಅದು ತೆರೆಯುತ್ತಿರಲಿಲ್ಲ. ಬಹುಕ್ಯಾಮೆರಾ ಸಂಕಲನ ಕೂಡ ಮೊದಲಿಗೆ ಇರಲಿಲ್ಲ, 2012ರ ಜನವರಿಯಲ್ಲಿ ಮರಳಿ ಬಂತು. ವರ್ಷಗಟ್ಟಲೆ ಅದನ್ನೇ ನಂಬಿ ಕೆಲಸ ಮಾಡಿದ್ದ ಎಷ್ಟೋ ಸಂಕಲನಕಾರರು ಆಗ ಬೇರೆ ತಂತ್ರಾಂಶಗಳಿಗೆ ಹೊರಟುಹೋದರು.

ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಂಕಲನವನ್ನು ಸಾಗಿಸಲು ಇಂದಿಗೂ ಬಳಕೆಯಲ್ಲಿರುವ ಇಡಿಎಲ್ (ಎಡಿಟ್ ಡಿಸಿಷನ್ ಲಿಸ್ಟ್) ಕಡತ ಟೇಪುಗಳ ಕಾಲದ್ದು. ಯಾವ ರೀಲಿನ ಯಾವ ಟೈಮ್‌ಕೋಡಿನಿಂದ ಎಲ್ಲಿಯವರೆಗೆ, ಕಟ್ಟೋ ಡಿಸಾಲ್ವೋ ಎಂಬಷ್ಟನ್ನು ಅದು ಚೆನ್ನಾಗಿ ಹೊತ್ತೊಯ್ಯುತ್ತದೆ. ಶೀರ್ಷಿಕೆ, ಬಣ್ಣದ ತಿದ್ದುಪಡಿ, ಧ್ವನಿಯ ಏರಿಳಿತ ಹಿಂದೆಯೇ ಉಳಿಯುತ್ತವೆ. ಪಿಕ್ಸಾರ್ ಸ್ಟುಡಿಯೊ ರೂಪಿಸಿ ಮುಕ್ತವಾಗಿ ಕೊಟ್ಟ ಓಪನ್‌ಟೈಮ್‌ಲೈನ್‌ಐಒ ಎಂಬ ವಿನಿಮಯ ರೂಪ ಇದಕ್ಕಿಂತ ಸಮರ್ಥವಾದದ್ದು. ಎಲ್ಲ ತಯಾರಕರೂ ಅದನ್ನು ಪೂರ್ಣವಾಗಿ ಅಳವಡಿಸಲಿ, ಕನ್ನಡ ಶೀರ್ಷಿಕೆಗಳ ಪಠ್ಯ ಸಹಿತ, ಎಂಬುದು ನನ್ನ ಎರಡನೆಯ ದೊಡ್ಡ ಬೇಡಿಕೆ.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದಿದೆ. ಕೆಲಸ ಮುಗಿದ ದಿನವೇ ಪ್ರಾಜೆಕ್ಟ್ ಕಡತದ ಜೊತೆಗೆ ಬೇರೆ ತಂತ್ರಾಂಶಗಳೂ ಓದಬಲ್ಲ ಒಂದು ಎಕ್ಸ್‌ಎಂಎಲ್ ಪ್ರತಿಯನ್ನೂ, ಶೀರ್ಷಿಕೆಗಳಿಲ್ಲದ ಒಂದು ಪೂರ್ಣ ಗುಣಮಟ್ಟದ ವಿಡಿಯೊವನ್ನೂ ತೆಗೆದಿಡಿ. ಶೀರ್ಷಿಕೆಯ ಪಠ್ಯವನ್ನು ಯೂನಿಕೋಡಿನಲ್ಲಿ ಬೇರೆ ಕಡತವಾಗಿ ಉಳಿಸಿ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಪರದೆಯ ಮೇಲೆ ಕನ್ನಡ ಕಂಡರೂ ಕಡತದೊಳಗೆ ಇರುವುದು ಲ್ಯಾಟಿನ್ ಸಂಕೇತಗಳ ಸಾಲು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದ ದಿನ ಅದನ್ನು ಯಾರೂ ಓದಲಾರರು, ಹುಡುಕಲೂ ಆಗುವುದಿಲ್ಲ. ನುಡಿ, ಬರಹಗಳು ಗಣಕಕ್ಕೆ ಕನ್ನಡ ತಂದ ಉಪಕಾರವನ್ನು ಮರೆಯದೆಯೇ ಈ ಮಾತನ್ನು ಹೇಳುತ್ತಿದ್ದೇನೆ.

ಪ್ರಶ್ನೆ: ನಮ್ಮ ಕನ್ನಡ ಸಂಘದ ರಾಜ್ಯೋತ್ಸವವನ್ನು ಮೂವರು ಗೆಳೆಯರ ಫೋನುಗಳಲ್ಲಿ ಚಿತ್ರೀಕರಿಸಿದೆವು. ಆರಂಭದಲ್ಲಿ ಹೊಂದುವ ಧ್ವನಿ ಒಂದು ಗಂಟೆಯ ಹೊತ್ತಿಗೆ ತುಟಿಯ ಚಲನೆಗೆ ಹೊಂದುವುದಿಲ್ಲ, ಏಕೆ?
— ಓದುಗರು, ಮಸ್ಕತ್

ಉತ್ತರ: ಬಹುಪಾಲು ಫೋನುಗಳು ಸೆಕೆಂಡಿಗೆ ಇಷ್ಟೇ ಚೌಕಟ್ಟು (ಫ್ರೇಮ್) ಎಂದು ಕಟ್ಟುನಿಟ್ಟಾಗಿ ಚಿತ್ರೀಕರಿಸುವುದಿಲ್ಲ, ಬೆಳಕು ಕಡಿಮೆಯಾದಾಗ ಚೌಕಟ್ಟುಗಳ ದರವೂ ಇಳಿಯುತ್ತದೆ, ಅದರಿಂದ ಚಿತ್ರ ಮತ್ತು ಧ್ವನಿ ಬೇರೆಯಾಗುತ್ತಾ ಹೋಗುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಮೂರೂ ಕಡತಗಳನ್ನು ಪರಿವರ್ತಿಸಿಕೊಂಡ ಮೇಲೆ ಸಂಕಲನಕ್ಕೆ ತನ್ನಿ. ಆಗಲೂ ಸ್ವಲ್ಪ ವ್ಯತ್ಯಾಸ ಉಳಿಯಬಹುದು, ಏಕೆಂದರೆ ಪ್ರತಿ ಫೋನಿನ ಗಡಿಯಾರವೂ ಬೇರೆ. ಎರಡು ಗಡಿಯಾರಗಳ ನಡುವೆ ದಶಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸವಿದ್ದರೆ ಒಂದು ಗಂಟೆಗೆ 72 ಮಿಲಿಸೆಕೆಂಡು, ಅಂದರೆ 25 ಚೌಕಟ್ಟಿನ ವಿಡಿಯೊದಲ್ಲಿ ಸುಮಾರು ಎರಡು ಚೌಕಟ್ಟು ಸರಿಯುತ್ತದೆ. ಧ್ವನಿಯನ್ನು ಆರಂಭದಲ್ಲಿ ಮಾತ್ರ ಹೊಂದಿಸದೆ ಕೊನೆಯಲ್ಲಿಯೂ ಹೊಂದಿಸಿ, ನಡುವಿನ ಅಂತರವನ್ನು ಸಮನಾಗಿ ಹಂಚುವ ಸೌಲಭ್ಯವನ್ನು ನಾನು ಬಹಳ ಕಾಲದಿಂದ ಬಯಸುತ್ತಿದ್ದೇನೆ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿನಲ್ಲಿ ಕಲಿಯುತ್ತಿದ್ದೇನೆ. ಮುಂದಿನ ಆವೃತ್ತಿ ಹಗುರವಾಗಬಹುದೇ, ಅದಕ್ಕಾಗಿ ಕಾಯಲೇ?
— ವಿದ್ಯಾರ್ಥಿ, ಮೈಸೂರು

ಉತ್ತರ: ಕಾಯಬೇಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಕಲಿಕೆಗೆ ಧಾರಾಳವಾಗಿ ಸಾಕು. ಮೂಲ ವಿಡಿಯೊವನ್ನು ನೇರವಾಗಿ ಸಂಕಲಿಸದೆ ಹಗುರವಾದ ಪ್ರಾಕ್ಸಿ ಪ್ರತಿ ಮಾಡಿಕೊಂಡು ಕೆಲಸ ಮಾಡಿ. ಫೋನಿನ ಕಡತ ಗಾತ್ರದಲ್ಲಿ ಚಿಕ್ಕದಾದರೂ ಪ್ರತಿ ಚೌಕಟ್ಟನ್ನು ಅಕ್ಕಪಕ್ಕದ ಚೌಕಟ್ಟುಗಳಿಂದ ಲೆಕ್ಕ ಹಾಕಿ ಬಿಡಿಸಬೇಕಾಗುವುದರಿಂದ ಯಂತ್ರಕ್ಕೆ ಭಾರ. ಪ್ರೊರೆಸ್ ಪ್ರಾಕ್ಸಿ ಎಂಬ ವಿಡಿಯೊ ರೂಪದಲ್ಲಿ 1080 ಸಾಲಿನ, 25 ಚೌಕಟ್ಟಿನ ವಿಡಿಯೊ ಗಂಟೆಗೆ ಸುಮಾರು 17 ಜಿಬಿ ಜಾಗ ಹಿಡಿಯುತ್ತದೆ; ಆ ಜಾಗಕ್ಕೆ ಪ್ರತಿಯಾಗಿ ಸಲೀಸಾದ ಓಟ ಸಿಗುತ್ತದೆ.

ಪ್ರಶ್ನೆ: ಶಾಟ್ ಚಿಕ್ಕದಾದರೆ ಕೃತಕ ಬುದ್ಧಿಮತ್ತೆಯಿಂದ ಉದ್ದ ಮಾಡುವ ಸೌಲಭ್ಯ ಬಂದಿದೆಯಲ್ಲ, ಸಾಕ್ಷ್ಯಚಿತ್ರದಲ್ಲಿ ಬಳಸಬಹುದೇ?
— ಓದುಗರು, ಮಂಗಳೂರು

ಉತ್ತರ: ಪ್ರೀಮಿಯರ್‌ಗೆ 2025ರಲ್ಲಿ ಬಂದ ‘ಜನರೇಟಿವ್ ಎಕ್ಸ್‌ಟೆಂಡ್’ ಶಾಟನ್ನು ಎರಡು ಸೆಕೆಂಡಿನವರೆಗೆ, ಹಿನ್ನೆಲೆಯ ಸದ್ದನ್ನು ಹತ್ತು ಸೆಕೆಂಡಿನವರೆಗೆ ಬೆಳೆಸಿಕೊಡುತ್ತದೆ. ಕೋಣೆಯ ಮೌನವನ್ನು ಹೀಗೆ ತುಂಬಿಸಿಕೊಳ್ಳಲು ನಾನು ಹಿಂಜರಿಯುವುದಿಲ್ಲ. ಆದರೆ ಮಾತು ಮುಗಿಸಿದ ವ್ಯಕ್ತಿಯ ಮುಖವನ್ನು ಇನ್ನೆರಡು ಸೆಕೆಂಡು ಬೆಳೆಸಿದರೆ, ಅವರು ತೋರದ ಭಾವವೊಂದನ್ನು ಅವರ ಮುಖದ ಮೇಲೆ ಬರೆದ ಹಾಗಾಗುತ್ತದೆ. ಸಾಕ್ಷ್ಯಚಿತ್ರದಲ್ಲಿ ಅದನ್ನು ನಾನು ಮಾಡಲಾರೆ. ಹೀಗೆ ಹುಟ್ಟಿಸಿದ ಚೌಕಟ್ಟುಗಳು ಟೈಮ್‌ಲೈನಿನಲ್ಲಿ ಅಳಿಸಲಾಗದ ಬೇರೆ ಬಣ್ಣದಲ್ಲಿ ಕಾಣುತ್ತಿರಬೇಕು, ಅಂತಿಮ ಕಡತದ ಜೊತೆ ಅವುಗಳ ಪಟ್ಟಿಯೂ ಹೊರಬರಬೇಕು ಎಂದು ನಾನು ಬಯಸುತ್ತೇನೆ.

ಪ್ರಶ್ನೆ: ಇಷ್ಟೆಲ್ಲ ಬಯಸುತ್ತೇವೆ ಸರಿ, ಕಂಪನಿಗಳಿಗೆ ಅದನ್ನು ತಿಳಿಸುವುದು ಹೇಗೆ? ಒಬ್ಬರ ಮಾತನ್ನು ಕೇಳುತ್ತಾರೆಯೇ?
— ಓದುಗರು, ಕಲಬುರಗಿ

ಉತ್ತರ: ‘ಕನ್ನಡ ಸರಿಯಾಗಿ ಬರುವುದಿಲ್ಲ’ ಎಂದಷ್ಟೇ ಬರೆದ ದೂರಿನಿಂದ ತಂತ್ರಜ್ಞರಿಗೆ ಏನನ್ನೂ ಮಾಡಲು ಆಗುವುದಿಲ್ಲ. ಒಂದು ಪತ್ರದಲ್ಲಿ ಒಂದೇ ದೋಷವನ್ನು ಬರೆಯಿರಿ. ತಂತ್ರಾಂಶದ ಆವೃತ್ತಿ, ಬಳಸಿದ ಫಾಂಟ್, ಮಾಡಿದ ಕ್ರಮ ಮೂರನ್ನೂ ತಿಳಿಸಿ. ಕಂಡದ್ದರ ಚಿತ್ರ ಮತ್ತು ಕಾಣಬೇಕಾದದ್ದರ ಚಿತ್ರ ಎರಡನ್ನೂ ಜೊತೆಗಿಡಿ, ಏಕೆಂದರೆ ಅದನ್ನು ಓದುವ ತಂತ್ರಜ್ಞರಿಗೆ ನಮ್ಮ ಲಿಪಿ ಗೊತ್ತಿರಬೇಕೆಂದಿಲ್ಲ. ಪರೀಕ್ಷೆಗೆ ನಾನು ಯಾವಾಗಲೂ ಕಳಿಸುವ ಪದಗಳು ರಾಷ್ಟ್ರ, ಲಕ್ಷ್ಮಮ್ಮ, ಸೂರ್ಯ, ಸ್ತ್ರೀ ಮತ್ತು ಜ್ಞಾನ. ಒತ್ತು, ಅರ್ಕಾವತ್ತು, ದೀರ್ಘ, ಮೂರು ವ್ಯಂಜನಗಳ ಕೂಟ ಎಲ್ಲವೂ ಇವುಗಳಲ್ಲಿವೆ. ಅದೇ ದೋಷವನ್ನು ಬೇರೆಯವರು ಮೊದಲೇ ಬರೆದಿದ್ದರೆ ಹೊಸದಾಗಿ ಬರೆಯದೆ ಅವರ ಬೇಡಿಕೆಗೇ ನಿಮ್ಮ ಮತವನ್ನೂ ಉದಾಹರಣೆಯನ್ನೂ ಸೇರಿಸಿ. ಈ ಐದು ಪದಗಳನ್ನು ನೀವು ಬಳಸುವ ತಂತ್ರಾಂಶದಲ್ಲಿ ಟೈಪ್ ಮಾಡಿ, ಕಂಡದ್ದರ ಚಿತ್ರವನ್ನು ನನಗೂ ಕಳಿಸಿಕೊಡಿ. ಮುಂದಿನ ಸಂಚಿಕೆಯ ಹೊತ್ತಿಗೆ ಎಲ್ಲವನ್ನೂ ಒಂದೇ ಬೇಡಿಕೆಯಾಗಿ ಜೋಡಿಸಿ ತಯಾರಕರಿಗೆ ಕಳಿಸುತ್ತೇನೆ.