ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬೇಗ ತಲುಪುವ ವಿಮಾನ, ವಾಪಸ್ ಬರುವಾಗ ಯಾಕೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ?

ಕಾರಣ ಗಾಳಿ. ಎರಡು ಊರುಗಳ ನಡುವೆ ನೇರ ದೂರ ಸುಮಾರು 5,550 ಕಿ.ಮೀ. ಹೋದರೂ ಬಂದರೂ ಅಷ್ಟೇ. ಆದರೆ ಲಂಡನ್‌ಗೆ ಹೋಗಲು ಸಾಮಾನ್ಯವಾಗಿ ಏಳು ಗಂಟೆಯೊಳಗೇ ಆಗುತ್ತದೆ, ವಾಪಸ್ ಬರಲು ಎಂಟು ಗಂಟೆ ಹತ್ತಿರ ಬೇಕು.

ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಾದ ಗಾಳಿ ಬೀಸುತ್ತದೆ. ದೊಡ್ಡ ವಿಮಾನಗಳು ಹಾರುವುದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ. ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯದು 150 ಅಂತ ಇಟ್ಟುಕೊಳ್ಳಿ. ಗಾಳಿ ಹಿಂದಿನಿಂದ ಬಂದರೆ ವಿಮಾನ ಗಂಟೆಗೆ 1,050 ಕಿ.ಮೀ. ಸಾಗುತ್ತದೆ. ಎದುರಿನಿಂದ ಬಂದರೆ ಬರೀ 750. ಎಂಜಿನ್ ಮಾಡುವ ಕೆಲಸ ಮಾತ್ರ ಎರಡೂ ಕಡೆ ಒಂದೇ.

ಚಳಿಗಾಲದಲ್ಲಿ ಈ ಗಾಳಿಯ ಜೋರು ಇನ್ನೂ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಗೂ ಕಡಿಮೆ ಹೊತ್ತಿನಲ್ಲಿ ತಲುಪಿತ್ತು. ನಿಜಕ್ಕೂ ಬೆರಗು ಹುಟ್ಟಿಸುವ ವೇಗ!

ಭೂಮಿ ಪೂರ್ವಕ್ಕೆ ತಿರುಗುತ್ತದೆ, ಹಾಗಾದರೆ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೇ ಊರು ಬೇಗ ಸಿಗಬೇಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಭೂಮಿಯ ಜೊತೆ ಅದರ ಗಾಳಿಯೂ, ಅದರಲ್ಲಿರುವ ವಿಮಾನವೂ ತಿರುಗುತ್ತಲೇ ಇರುತ್ತವೆ.

ಇನ್ನೊಂದು ವಿಷಯ. ಟಿಕೆಟ್‌ನಲ್ಲಿ ಹೊರಡುವ, ತಲುಪುವ ಹೊತ್ತನ್ನು ಆಯಾ ಊರಿನ ಗಡಿಯಾರದ ಪ್ರಕಾರ ಹಾಕಿರುತ್ತಾರೆ. ಲಂಡನ್ ಸಾಮಾನ್ಯವಾಗಿ 5 ಗಂಟೆ ಮುಂದಿರುತ್ತದೆ. ಆದ್ದರಿಂದ ಸುಮ್ನೆ ಕಳೆದು ನೋಡಿದರೆ ಹಾರಾಟದ ನಿಜವಾದ ಹೊತ್ತು ಸಿಗುವುದಿಲ್ಲ.