ಮೆಣಸಿನ ಸಸಿ ಬುಡದಲ್ಲೇ ಬಾಗಿ ಬೀಳುವುದಕ್ಕೆ

ಅಡುಗೆಗೆ ತಂದ ಗುಂಟೂರು ಒಣಮೆಣಸಿನಕಾಯಿಯ ಬೀಜ ಚೆನ್ನಾಗಿ ಮೊಳೆತು, ಎರಡೆಲೆ ಬಿಟ್ಟ ಮೇಲೆ ಸಸಿಗಳು ಒಂದೊಂದಾಗಿ ಬೀಳುತ್ತಿವೆ, ನೀರು ಸಾಲುತ್ತಿಲ್ಲವೇ ಎಂದು ಕೇಳಿದ್ದೀರಿ. ಸಾಲದೆ ಅಲ್ಲ, ನೀರು ಹೆಚ್ಚಾಗಿ.

ಬಿದ್ದ ಸಸಿಯನ್ನು ಹತ್ತಿರದಿಂದ ನೋಡಿ. ಎಲೆ ಇನ್ನೂ ಹಸಿರಾಗಿರುತ್ತದೆ, ಆದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದಾಗಿ, ದಾರದಷ್ಟು ಸಣ್ಣಗಾಗಿರುತ್ತದೆ. ಇದು ಸಸಿ ಕೊಳೆ ರೋಗ. ಒತ್ತೊತ್ತಾಗಿ ಚೆಲ್ಲಿದ ಬೀಜ, ಸದಾ ಒದ್ದೆಯಾದ ಮಣ್ಣು, ಗಾಳಿಯಾಡದ ಜಾಗ ಸೇರಿದರೆ ಪಿಥಿಯಂ ತರಹದ ರೋಗಾಣು ಎರಡೇ ದಿನದಲ್ಲಿ ಹಬ್ಬುತ್ತದೆ. ಬಿದ್ದದ್ದು ಮತ್ತೆ ಏಳುವುದಿಲ್ಲ. ಸುತ್ತಲಿನ ಒಂದು ಚಮಚ ಮಣ್ಣಿನ ಸಮೇತ ತೆಗೆದು ಎಸೆಯಿರಿ. ಉಳಿದವಕ್ಕೆ ಮೇಲ್ಮಣ್ಣು ಒಣಗುವವರೆಗೆ ನೀರು ಬೇಡ.

ದಯವಿಟ್ಟು ಹೊಸದಾಗಿಯೂ ಬಿತ್ತಿ, ಅದೇ ಮಣ್ಣಿನಲ್ಲಿ ಮಾತ್ರ ಬೇಡ. ಎರಡು ಪಾಲು ತೆಂಗಿನ ನಾರಿನ ಪುಡಿಗೆ ಒಂದು ಪಾಲು ಎರೆಗೊಬ್ಬರ, ಕೆಜಿಗೆ ಒಂದು ಚಮಚ ಟ್ರೈಕೋಡರ್ಮಾ (ರೋಗಾಣುವನ್ನು ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಸಾಕು. ಒಂದೊಂದು ಗುಳಿಯಲ್ಲಿ ಎರಡೇ ಬೀಜ, ಅರ್ಧ ಸೆಂಟಿಮೀಟರ್ ಆಳ. ಕಪ್ಪಾದ ಬೀಜ ಬಿಡಿ, ಹೊಂಬಣ್ಣದವನ್ನೇ ಆರಿಸಿ. (ಬೀಜ ಬಿಡಿಸಿದ ಕೈ ಕಣ್ಣಿಗೆ ತಾಗದಿರಲಿ.) 25–30 ಡಿಗ್ರಿಯಲ್ಲಿ 8–12 ದಿನಕ್ಕೆ ಮೊಳಕೆ ಬರುತ್ತದೆ. ಮೊಳೆತ ಕೂಡಲೇ ಬೆಳಗಿನ ಬಿಸಿಲಿಗಿಡಿ. ನೀರನ್ನು ಬೆಳಿಗ್ಗೆ ಮಾತ್ರ, ಕೆಳಗಿನ ತಟ್ಟೆಗೆ ಹಾಕಿ; ಅರ್ಧ ಗಂಟೆಯಲ್ಲಿ ಹೀರದೆ ಉಳಿದದ್ದನ್ನು ಚೆಲ್ಲಿಬಿಡಿ.

35–40 ದಿನಕ್ಕೆ, ಐದಾರು ಎಲೆ ಬಂದಾಗ, ಸಂಜೆ ಹೊತ್ತು 12 ಇಂಚಿನ ಕುಂಡಕ್ಕೆ ಒಂದೊಂದೇ ಸಸಿ ನೆಡಿ.